ಭಾರತಮ್ಮನ ಟೀವಿಗೆ ಲೈನ್ ಕ್ಲಿಯರ್

— ಕನ್ನಡಿ ಅಂತೀಯ. ಕನ್ನಡೀಲಿ ಅಕ್ಷರ ಉಲ್ಟಾ ಕಾಣಲ್ವೇನೇ? ಬಂದೋರೆಲ್ಲ ಬಲಗಡೆಯಿಂದ ಎಡಕ್ಕೆ ಓದ್ಬೇಕಾ?

— ಕನ್ನಡಿ ಥರ ಅಂದೆ ರೀ, ಕನ್ನಡೀನೇ ಅಂದ್ನಾ? ಲ್ಯಾಪ್‌ಟಾಪಲ್ಲಿ ಏನಿದೆಯೋ ಅದೇ ಟೀವೀಲಿ ಕಾಣುತ್ತೆ. ಅಷ್ಟೇ.

— ವೈರ್ ಇಲ್ದೆ?

— ವೈರ್ ಇಲ್ದೆ.

— ಮಧ್ಯೆ ಏನಿರುತ್ತೆ?

— ಗಾಳಿ.

— ಗಾಳಿ ಎಲ್ಲಾ ಕಡೆನೂ ಇದೆ ಕಣೇ. ಹಂಗಾದ್ರೆ ನಾನು ಮೂವತ್ನಾಲ್ಕು ವರ್ಷ ಕಂಬ ಹತ್ತಿ ವೈರ್ ಎಳೆದಿದ್ದು ಯಾಕೆ, ಹೊತ್ತು ಹೋಗ್ದೇ ಇದ್ದಿದ್ದಕ್ಕಾ?

ಕ್ಯಾಲನೂರಿನ ಆ ನಡುಮನೆಯಲ್ಲಿ ಮಧ್ಯಾಹ್ನ ಎರಡೂವರೆಗೆ ಶುರುವಾದ ಮಾತು ಇದು. ಕೇಳುತ್ತಿದ್ದವರು ಕೋದಂಡರಾಮಪ್ಪನವರು, ವಯಸ್ಸು ಅರವತ್ತೆರಡು, ಕರೆಂಟ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಉತ್ತರ ಹೇಳುತ್ತಿದ್ದವರು ಅವರ ಹೆಂಡತಿ ಭಾರತಮ್ಮ. ಕೋದಂಡರಾಮಪ್ಪನವರ ಲೆಕ್ಕದಲ್ಲಿ ಪ್ರಪಂಚದಲ್ಲಿ ಇರುವುದು ಎರಡೇ. ವೈರ್ ಇದ್ದದ್ದು ನಿಜ, ವೈರ್ ಇಲ್ಲದ್ದು ಪುಕಾರು. ಸುತ್ತಲಿನ ಹದಿನೇಳು ಹಳ್ಳಿಗಳಲ್ಲಿ ಅವರ ಕೈ ತಾಗದ ಕಂಬವಿಲ್ಲ. ಅಂಥವರ ಮನೆಯಲ್ಲೇ, ಅಂಥವರ ಎದುರಿಗೇ, ಒಂದು ಹಳೆಯ ಲ್ಯಾಪ್‌ಟಾಪಿನಿಂದ ಗೋಡೆಯ ಮೇಲಿನ ಟೀವಿಗೆ ಚಿತ್ರ ತಾನಾಗಿ ಹಾರಿಹೋಗುತ್ತದೆ ಎಂದರೆ ಸಹಿಸುವುದು ಹೇಗೆ?

ಭಾರತಮ್ಮನಿಗಾದರೋ ಇದು ಹಟದ ಮಾತಲ್ಲ, ನಾಲ್ಕು ಗಂಟೆಯ ಮಾತು. ನಾಲ್ಕಕ್ಕೆ ಮಹಿಳಾ ಹಾಲಿನ ಸಂಘದ ಹದಿನಾಲ್ಕು ಜನ ಮನೆಗೆ ಬರುವವರಿದ್ದರು. ಸಂಘದ ಕಾರ್ಯದರ್ಶಿಯಾಗಿದ್ದವರು ಮಗಳ ಬಾಣಂತನಕ್ಕೆಂದು ಹೋದವರು ಅಲ್ಲೇ ನಿಂತುಬಿಟ್ಟಿದ್ದರು. ಆ ಜಾಗಕ್ಕೆ ಭಾರತಮ್ಮನ ಹೆಸರು ಬಂದಿತ್ತು. ಅಧ್ಯಕ್ಷಿಣಿ ಆದಿಲಕ್ಷ್ಮಮ್ಮ ಸುಲಭಕ್ಕೆ ಹೂಂ ಅನ್ನುವವರಲ್ಲ. ಕೋಲಾರಕ್ಕೆ ಹತ್ತು ದಿನ ತರಬೇತಿಗೆ ಹೋಗಿಬಂದಿದ್ದೀಯಲ್ಲ, ಹಸಿ ಜೋಳದ ಕಡ್ಡಿ ಕೊಚ್ಚಿ ಚೀಲಕ್ಕೆ ತುಂಬಿ ರಸಮೇವು ಮಾಡುವುದು ಹೇಗೆ ಅಂತ ನಮ್ಮೆಲ್ಲರ ಕಣ್ಣಿಗೆ ಕಾಣುವ ಹಾಗೆ ತೋರಿಸು, ಅರ್ಥವಾದರೆ ನೀನೇ ಕಾರ್ಯದರ್ಶಿ, ಇಲ್ಲವಾದರೆ ಹೊರಗಿನವರನ್ನು ಕರೆಸುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿದ್ದರು.

ತೋರಿಸುವುದಕ್ಕೆ ಭಾರತಮ್ಮ ಎಲ್ಲವನ್ನೂ ಸಿದ್ಧ ಮಾಡಿಕೊಂಡಿದ್ದರು. ಮಗಳು ಮೇಘನ ಮುಳಬಾಗಿಲಿನಲ್ಲಿ ಶಾಲೆಯ ಟೀಚರು. ಅವಳು ಹೊಸದು ಕೊಂಡ ಮೇಲೆ ಹಳೆಯ ಲ್ಯಾಪ್‌ಟಾಪನ್ನು ಅಮ್ಮನಿಗೆ ಕೊಟ್ಟಿದ್ದಳು. ಅದರಲ್ಲಿ ಇಪ್ಪತ್ತೆರಡು ಚಿತ್ರಗಳನ್ನು ಸಾಲಾಗಿ ಜೋಡಿಸಿ, ಒಂದೊಂದರ ಕೆಳಗೂ ಒಂದೊಂದು ಸಾಲು ಬರೆದಾಗಿತ್ತು. ಕೋಲಾರದಲ್ಲಿ ತರಬೇತಿ ಕೊಟ್ಟವರು ಇದೇ ಲ್ಯಾಪ್‌ಟಾಪನ್ನು ಅಲ್ಲಿನ ಟೀವಿಗೆ ಎರಡು ನಿಮಿಷದಲ್ಲಿ ಸೇರಿಸಿ ತೋರಿಸಿದ್ದರು. ಅದನ್ನು ಭಾರತಮ್ಮ ಹಂತ ಹಂತವಾಗಿ ಚೀಟಿಯಲ್ಲಿ ಬರೆದುಕೊಂಡಿದ್ದರು. ಈಗ ಚೀಟಿಯಲ್ಲಿದ್ದಂತೆಯೇ ಒತ್ತುತ್ತಿದ್ದರು. ಟೀವಿ ಮಾತ್ರ ನೀಲಿಯಾಗಿ ನಿಂತು, ಸಂಪರ್ಕಕ್ಕಾಗಿ ಕಾಯಲಾಗುತ್ತಿದೆ ಎಂದು ಹೇಳಿಕೊಂಡು ಕಾಯುತ್ತಲೇ ಇತ್ತು.

— ಅದಕ್ಕೇನು ಕೆಲಸ, ಕಾಯುತ್ತೆ, ಎಂದರು ಕೋದಂಡರಾಮಪ್ಪ. ಒಂದು ವೈರ್ ಹಾಕಿ ಮುಗಿಸೇ ಅಂದ್ರೆ ಕೇಳಲ್ಲ.

— ವೈರ್ ಹಾಕೋ ತೂತನ್ನ ಟೆಸ್ಟರ್‌ನಿಂದ ಕೆದಕಿ ಕೆಡಿಸಿದ್ದು ಯಾರು?

— ಕರೆಂಟ್ ಬರುತ್ತಾ ಅಂತ ನೋಡ್ದೆ.

— ಬಂತಾ?

— ಬರ್ಲಿಲ್ಲ. ಅದಕ್ಕೇ ಇನ್ನೂ ಸ್ವಲ್ಪ ಒಳಗೆ ನೋಡ್ದೆ.

ಈ ವಿಷಯ ಮುಂದುವರಿಸಿದರೆ ತಮಗೇ ನಷ್ಟ ಎಂದು ತಿಳಿದು ಕೋದಂಡರಾಮಪ್ಪನವರು ಮಾತನ್ನು ಬೇರೆ ಕಡೆ ತಿರುಗಿಸಿದರು. ಆದರೆ ಭಾರತಮ್ಮ ಬಿಡಬೇಕಲ್ಲ.

— ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ರೇಡಿಯೋ ಕೇಳ್ತೀರಲ್ಲ, ಅದಕ್ಕೆ ಯಾವ ಕಂಬದಿಂದ ವೈರ್ ಬಂದಿದೆ?

— ಅದು ಮಾತು ಕಣೇ. ಮಾತು ಹಗುರ, ಗಾಳೀಲಿ ಬರುತ್ತೆ. ಇದು ಚಿತ್ರ. ಚಿತ್ರಕ್ಕೆ ತೂಕ ಇದೆ.

ಭಾರತಮ್ಮ ಚೀಟಿಯನ್ನು ಮತ್ತೊಮ್ಮೆ ಮೊದಲಿನಿಂದ ಓದಿ, ಮತ್ತೊಮ್ಮೆ ಒತ್ತಿದರು. ಲ್ಯಾಪ್‌ಟಾಪು ಈ ಸಲ ಒಂದು ಸಂದೇಶ ತೋರಿಸಿತು. ಈ ಕಂಪ್ಯೂಟರಿಗೆ ವೈರ್ ಇಲ್ಲದೆ ಚಿತ್ರ ಕಳಿಸುವ ಶಕ್ತಿಯಿಲ್ಲ ಎಂಬ ಅರ್ಥದ್ದು. ಕೋದಂಡರಾಮಪ್ಪನವರು ಕನ್ನಡಕ ಏರಿಸಿ, ಅದರ ಅರ್ಥವನ್ನು ಹೆಂಡತಿಯಿಂದ ಎರಡು ಸಲ ಹೇಳಿಸಿಕೊಂಡರು. ಅವರ ಮುಖ ಹುಣ್ಣಿಮೆಯಾಯಿತು. ಮನುಷ್ಯರು ಒಪ್ಪದ ಸತ್ಯವನ್ನು ಕೊನೆಗೆ ಒಂದು ಯಂತ್ರವಾದರೂ ಒಪ್ಪಿತಲ್ಲ ಎಂದು ಅದರ ಬೆನ್ನು ತಟ್ಟಿದರು. ಆ ಹುಮ್ಮಸ್ಸಿನಲ್ಲೇ ಪಂದ್ಯ ಕಟ್ಟಿದರು.

— ನೋಡೇ, ಒಂದೇ ಮಾತು. ಇವತ್ತು ಆ ಹೆಂಗಸ್ರೆಲ್ಲ ಎದ್ದು ಹೋಗೋದ್ರೊಳಗೆ ವೈರ್ ಇಲ್ದೆ ನಿನ್ನ ಚಿತ್ರ ಟೀವಿಗೆ ಬಂದ್ರೆ, ಸಾಯಂಕಾಲದಿಂದ ಒಂದು ತಿಂಗಳು ಗೌರಿ ಹಾಲು ನಾನೇ ಕರೀತೀನಿ. ಡೈರಿಗೂ ನಾನೇ ಹೊತ್ಕೊಂಡು ಹೋಗಿ ಹಾಕ್ತೀನಿ.

— ಬರ್ಲಿಲ್ಲ ಅಂದ್ರೆ?

— ಟೀವಿ ಆ ಗೋಡೆಯಿಂದ ಇಳೀಬೇಕು. ನನ್ನ ಫೋಟೋ ಆ ಜಾಗಕ್ಕೆ ವಾಪಸ್ ಬರ್ಬೇಕು.

— ಆಯ್ತು. ಮಾತು ತಪ್ಪಬಾರ್ದು ಮತ್ತೆ.

ಆ ಫೋಟೋದ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಿವೃತ್ತಿಯ ದಿನ ಕಚೇರಿಯವರು ಕೋದಂಡರಾಮಪ್ಪನವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಗಂಧದ ಹಾರ ಹಾಕಿ ತೆಗೆಸಿದ ಚಿತ್ರ ಅದು. ನಡುಮನೆಯ ನಟ್ಟನಡುವೆ ಅದನ್ನು ತೂಗುಹಾಕಿ, ಹಾರವನ್ನೂ ಅದಕ್ಕೇ ಹಾಕಿದ್ದರು. ತೊಂದರೆಯಾಗಿದ್ದು ಅಲ್ಲಿಯೇ. ಬಂದವರೆಲ್ಲ ಫೋಟೋ ನೋಡಿ ಗೊಂದಲಕ್ಕೆ ಬೀಳುತ್ತಿದ್ದರು. ಒಮ್ಮೆ ಹೋಳೂರಿನಿಂದ ಬಂದ ನೆಂಟರೊಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದು, ಫೋಟೋಗೆ ಕೈಮುಗಿದು, ಪಾಪ ಯಾವಾಗ ಹೋದರು ಎಂದು ವಿಚಾರಿಸಿದರು. ವಿಚಾರಿಸಿದ್ದು ಕೋದಂಡರಾಮಪ್ಪನವರನ್ನೇ. ಅದಾದ ವಾರಕ್ಕೆ ಟೀವಿ ಬಂತು, ಫೋಟೋ ಅಡುಗೆಮನೆಯ ಓಣಿಗೆ ಹೋಯಿತು. ಎರಡು ತಿಂಗಳಾದರೂ ಆ ನೋವು ಅವರಿಗೆ ಹೋಗಿರಲಿಲ್ಲ. ಊಟಕ್ಕೆ ಹೋಗುವಾಗಲೆಲ್ಲ ಒಗ್ಗರಣೆಯ ಹೊಗೆ ಕುಡಿಯುತ್ತಿದ್ದ ತಮ್ಮ ಪೇಟವನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕೋದಂಡರಾಮಪ್ಪನವರಿಗೆ ಕೆಲಸವಿಲ್ಲದೆ ಉರಿಯುವ ದೀಪ ಕಂಡರೆ ಆಗುವುದಿಲ್ಲ. ದಿನವೂ ಊಟವಾದ ಮೇಲೆ ಮನೆಯಲ್ಲೊಂದು ಸುತ್ತು ಹಾಕಿ, ದಂಡಕ್ಕೆ ಉರಿಯುವುದನ್ನೆಲ್ಲ ಆರಿಸಿ, ಆಮೇಲೆಯೇ ಅಡ್ಡಾಗುವುದು. ಅಂದೂ ಹಾಗೆಯೇ ಮಾಡಿದ್ದರು. ಜಗಲಿಯ ಫ್ಯಾನು, ಬಚ್ಚಲಿನ ಬಲ್ಬು, ದೇವರ ಮನೆಯ ಬಣ್ಣದ ಸರ. ಆಮೇಲೆ ಮೇಜಿನ ಮೇಲೆ ತೆರೆದಿಟ್ಟಿದ್ದ ಲ್ಯಾಪ್‌ಟಾಪಿನ ಮುಂದಿನ ಅಂಚಿನಲ್ಲಿ ಕಡಲೆಕಾಳಿನಷ್ಟು ದಪ್ಪದ ಒಂದು ನೀಲಿ ದೀಪ. ಅದರ ಪಕ್ಕದಲ್ಲಿ ಸರಿಸುವಂಥ ಒಂದು ಪುಟ್ಟ ಸ್ವಿಚ್ಚು. ಹೆಬ್ಬೆರಳಿನಿಂದ ಸರಿಸಿದರು. ದೀಪ ಆರಿತು. ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ, ಎಂದಿನಂತೆ ಬೆಳಗುತ್ತಲೇ ಇತ್ತು. ಅಂದಮೇಲೆ ಅದು ದಂಡದ ದೀಪವೇ ಸರಿ ಎಂದು ತೀರ್ಮಾನಿಸಿ ಮಲಗಿದರು. ಭಾರತಮ್ಮ ಆಗ ಹಿತ್ತಲಿನಲ್ಲಿ ಮೇವು ಕತ್ತರಿಸುತ್ತಿದ್ದರು. ಕೋದಂಡರಾಮಪ್ಪನವರು ಅರ್ಧ ಗಂಟೆ ನಿದ್ದೆ ಮಾಡಿ ಎದ್ದರು, ಎದ್ದಾಗ ಆ ದೀಪದ ನೆನಪೇ ಅವರಿಗೆ ಇರಲಿಲ್ಲ.

ಎರಡೂ ಮುಕ್ಕಾಲಿಗೆ ಮುಳಬಾಗಿಲಿನಿಂದ ಮೇಘನ ಫೋನು ಮಾಡಿದಳು. ಭಾರತಮ್ಮನ ಕೈಯಲ್ಲಿ ಟೀವಿಯ ರಿಮೋಟು, ಬಾಯಲ್ಲಿ ಚೀಟಿ. ಫೋನು ಎತ್ತಿದ್ದು ಅಪ್ಪ.

— ಅಪ್ಪ, ವೈಫೈ ಆನ್ ಇದೆಯಾ ಅಂತ ಅಮ್ಮನ್ನ ಕೇಳಿ.

— ಅವಳನ್ನ ಯಾಕೆ ಕೇಳ್ಬೇಕಮ್ಮ? ಈ ಮನೇಲಿ ಏನೇನು ಆನ್ ಇರ್ಬೇಕೋ ಎಲ್ಲಾ ಆನ್, ಏನೇನು ಆಫ್ ಇರ್ಬೇಕೋ ಎಲ್ಲಾ ಆಫ್. ನಾನೇ ಖುದ್ದಾಗಿ ನೋಡಿದ್ದೀನಿ.

ಅಪ್ಪ ಇಷ್ಟು ಧೈರ್ಯವಾಗಿ ಹೇಳಿದ ಮೇಲೆ ಮಗಳಿಗೆ ಅನುಮಾನಪಡಲು ಜಾಗವೆಲ್ಲಿ? ಹಾಗಾದರೆ ಟೀವಿಯದೇ ಏನೋ ತೊಂದರೆ ಇರಬೇಕು, ಒಂದು ಸಲ ಆರಿಸಿ ಹಾಕಲು ಹೇಳಿ ಎಂದು, ಗಂಟೆ ಹೊಡೆಯಿತೆಂದು ತರಗತಿಗೆ ಓಡಿದಳು.

ಕೋದಂಡರಾಮಪ್ಪನವರು ಎದ್ದು ಟೀವಿಯ ಸ್ವಿಚ್ಚನ್ನು ಆರಿಸಿದರು. ಒಂದು, ಎರಡು ಎಂದು ಮನಸ್ಸಿನಲ್ಲಿ ಎಣಿಸುತ್ತ ನಿಂತರು. ಮೂವತ್ತಾದರೂ ಎಣಿಕೆ ಮುಗಿಯಲಿಲ್ಲ. ಗಡಿಯಾರ ನೋಡಿ ನೋಡಿ ಸಾಕಾದ ಭಾರತಮ್ಮ ತಾವೇ ಹೋಗಿ ಸ್ವಿಚ್ಚಿಗೆ ಕೈ ಹಾಕಿದರು.

— ಕೈ ತೆಗಿ ಭಾರತಿ.

ಗಂಡನ ದನಿ ಬದಲಾಗಿತ್ತು. ಅದುವರೆಗಿನ ತಮಾಷೆ ಅದರಲ್ಲಿ ಇರಲಿಲ್ಲ.

— ಆರಿಸಿದ್ದು ನಾನು. ಹಾಕೋದೂ ನಾನೇ. ಎಷ್ಟು ಸಲ ಹೇಳಿದ್ದೀನಿ ನಿಂಗೆ?

— ಟೀವಿ ರೀ ಇದು.

— ಯಾವುದಾದ್ರೂ ಆಗ್ಲಿ. ಎಲ್‌ಸಿ ತಗೊಂಡೋನೇ ಎಲ್‌ಸಿ ವಾಪಸ್ ಕೊಡ್ಬೇಕು. ಮಧ್ಯೆ ಇನ್ನೊಬ್ರು ಕೈ ಹಾಕಬಾರ್ದು.

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮೊದಲು ಲೈನಿನ ಕರೆಂಟು ತೆಗೆಸುವುದು. ತೆಗೆಸಿದವನು ಇಳಿದು ಬಂದು, ಕೆಲಸ ಮುಗಿಯಿತು ಎಂದು ತಾನೇ ಹೇಳುವವರೆಗೆ ಬೇರೆ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಕಾಂತರಾಜ್ ಎಂಬ ಜೊತೆಗಾರ ಕಂಬದ ಮೇಲಿದ್ದಾಗ, ಮುಗಿದಿರಬಹುದು ಎಂದುಕೊಂಡು ಯಾರೋ ಕರೆಂಟು ಕೊಟ್ಟುಬಿಟ್ಟಿದ್ದರು. ಕಾಂತರಾಜ್ ಹಿಪ್ಪುನೇರಳೆ ತೋಟದ ಮಣ್ಣಿನ ಮೇಲೆ ಬಿದ್ದು ಉಳಿದುಕೊಂಡ. ಕೋದಂಡರಾಮಪ್ಪನವರ ಎದೆಯೊಳಗಿನ ನಡುಕ ಮಾತ್ರ ಇಂದಿಗೂ ಹೋಗಿರಲಿಲ್ಲ. ಜನ ಕೆಲಸ ಮಾಡುತ್ತಿದ್ದಾರೆ, ಸ್ವಿಚ್ ಹಾಕಬೇಡಿ ಎಂಬ ಕೆಂಪು ಹಲಗೆಯೊಂದನ್ನು ಮನೆಯ ಮೀಟರ್ ಪೆಟ್ಟಿಗೆಯ ಪಕ್ಕಕ್ಕೇ ನೇತುಹಾಕಿದ್ದರು. ಮದುವೆಯಾಗಿ ಮೂವತ್ತೆರಡು ವರ್ಷವಾದರೂ ಗಂಡ ಆರಿಸಿದ ಸ್ವಿಚ್ಚನ್ನು ಭಾರತಮ್ಮ ಹಾಕಿದವರಲ್ಲ. ಆ ನಡುಕದ ಬೆಲೆ ಅವರಿಗೂ ಗೊತ್ತಿತ್ತು. ಕೈ ಹಿಂದಕ್ಕೆ ತೆಗೆದುಕೊಂಡರು. ಕೋದಂಡರಾಮಪ್ಪನವರು ಅರವತ್ತರವರೆಗೆ ಎಣಿಸಿ, ತಾವೇ ಸ್ವಿಚ್ಚು ಹಾಕಿದರು. ಟೀವಿ ಹೊತ್ತಿಕೊಂಡು ಮತ್ತೆ ಕಾಯತೊಡಗಿತು.

ಮೂರು ಗಂಟೆಗೆ ಓಬೇದುಲ್ಲಾ ಬಂದರು. ಊರ ಬಸ್ ನಿಲ್ದಾಣದ ಹತ್ತಿರ ಮೋಟರು, ಮಿಕ್ಸಿ, ಟೀವಿ ಎಲ್ಲವನ್ನೂ ರಿಪೇರಿ ಮಾಡುವವರು, ಕೋದಂಡರಾಮಪ್ಪನವರ ಹಳೆಯ ಸ್ನೇಹಿತರು. ತಮ್ಮ ಪರವಾಗಿ ಸಾಕ್ಷಿ ಹೇಳಲೆಂದು ಕೋದಂಡರಾಮಪ್ಪನವರೇ ಕರೆ ಕಳಿಸಿದ್ದರು.

— ಬಾ ಓಬೇದು, ನೀನಾದ್ರೂ ಹೇಳು ಇವಳಿಗೆ. ವೈರ್ ಇಲ್ದೆ ಏನಾದ್ರೂ ನಡೆಯುತ್ತಾ?

— ಅರೆ ಕೋದಂಡಣ್ಣ, ನಿಮ್ಮ ತೋಟದ ಮೋಟ್ರು ಯಾವುದ್ರಿಂದ ಸ್ಟಾರ್ಟ್ ಮಾಡ್ತೀರಾ?

— ಮೊಬೈಲಿಂದ.

— ಮೊಬೈಲಿಂದ ಬೋರ್‌ವೆಲ್‌ವರೆಗೂ ವೈರ್ ಎಳ್ದಿದ್ದೀರಾ?

— ಅದು ಬೇರೆ.

— ಎಂಗೆ ಬೇರೆ?

— ಅಲ್ಲಿ ಸ್ಟಾರ್ಟರ್ ಪೆಟ್ಟಿಗೆಗೆ ವೈರ್ ಇದೆ.

— ಟೀವಿಗೂ ಐತಲ್ಲಣ್ಣ, ಗೋಡೇಲಿ.

ಕೋದಂಡರಾಮಪ್ಪನವರು ಸಾಕ್ಷಿಯನ್ನು ಕರೆಸಿದ್ದೇ ತಪ್ಪಾಯಿತು ಎಂಬಂತೆ ನೋಡಿದರು. ಓಬೇದುಲ್ಲಾ ಅದನ್ನು ಕಂಡೂ ಕಾಣದವರಂತೆ ಲ್ಯಾಪ್‌ಟಾಪನ್ನು ಎತ್ತಿ, ಹಿಂದೆ ನೋಡಿ, ಪಕ್ಕ ನೋಡಿ, ಮುಂದಿನ ಅಂಚಿನ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಒಮ್ಮೆ ಕೋದಂಡರಾಮಪ್ಪನವರ ಮುಖ ನೋಡಿದರು, ಒಮ್ಮೆ ಗೋಡೆಯ ಮೇಲಿನ ಕೆಂಪು ಹಲಗೆ ನೋಡಿದರು. ಆಮೇಲೆ ಚಹಾಕ್ಕೆ ಸಕ್ಕರೆ ಕಮ್ಮಿ ಹಾಕಬೇಕೆಂದು ಹೇಳಿಬರುತ್ತೇನೆ ಅಂತ, ಭಾರತಮ್ಮ ಚಹಾಕ್ಕೆ ನೀರಿಡಲು ಹೋಗಿದ್ದ ಅಡುಗೆಮನೆಯ ಬಾಗಿಲಿಗೆ ಹೋದರು.

ಸಕ್ಕರೆ ಕಮ್ಮಿ ಎನ್ನುವುದಕ್ಕೆ ಅಷ್ಟು ಹೊತ್ತು ಬೇಕೇ ಎಂದು ಕೋದಂಡರಾಮಪ್ಪನವರಿಗೆ ಅನ್ನಿಸಿತು. ಓಬೇದುಲ್ಲಾರ ಭುಜ ಕುಲುಕುತ್ತಿದ್ದದ್ದೂ ಕಂಡಿತು. ಕೆಮ್ಮಿರಬೇಕು ಎಂದುಕೊಂಡರು.

— ಏನಂತೆ, ಆಗುತ್ತಂತಾ?

— ಟೀವಿ ಚೆನ್ನಾಗೈತೆ ಅಣ್ಣ. ಲ್ಯಾಪ್‌ಟಾಪೂ ಚೆನ್ನಾಗೈತೆ. ಮನೆ ಯಜಮಾನ್ರು ಮನಸ್ಸು ಮಾಡಿದ್ರೆ ಬರುತ್ತೆ.

ಅಂದರೆ ಇವನ ಕೈಯಲ್ಲೂ ಆಗಲಿಲ್ಲ, ಅದನ್ನೇ ನಯವಾಗಿ ಹೇಳುತ್ತಿದ್ದಾನೆ ಎಂದು ಯಜಮಾನರು ಅರ್ಥ ಮಾಡಿಕೊಂಡರು. ಆಶ್ಚರ್ಯವೆಂದರೆ ಭಾರತಮ್ಮನದು. ಅದುವರೆಗೆ ಚೀಟಿ ಹಿಡಿದು ಒದ್ದಾಡುತ್ತಿದ್ದವರು ನಿರಾಳವಾಗಿ ಚಹಾ ತಂದುಕೊಟ್ಟರು, ಸೀರೆ ಬದಲಾಯಿಸಿದರು, ಚಾಪೆ ಹಾಸಿದರು, ಹೂ ಮುಡಿದರು. ಒಮ್ಮೆ ಗುನುಗಿದ್ದೂ ಕೇಳಿಸಿತು. ಪಂದ್ಯ ಗೆಲ್ಲುವ ಸಂತೋಷದಲ್ಲಿದ್ದ ಕೋದಂಡರಾಮಪ್ಪನವರಿಗೆ ಅದೇಕೋ ಮನಸ್ಸಿಗೆ ಮುಳ್ಳಿನ ಹಾಗೆ ಚುಚ್ಚಿತು.

ನಾಲ್ಕಕ್ಕೆ ಸರಿಯಾಗಿ ಹದಿನಾಲ್ಕೂ ಜನ ಬಂದರು. ಮುಂದೆ ಆದಿಲಕ್ಷ್ಮಮ್ಮ. ಶ್ರೀನಿವಾಸಪುರದ ಕಡೆಯಿಂದ ಬಂದ ಸೊಸೆ, ಈಗ ಅಜ್ಜಿಯಾಗಿದ್ದರೂ ಅವರ ಕನ್ನಡದೊಳಗಿನ ತೆಲುಗು ಹಾಗೆಯೇ ಇತ್ತು. ಚಾಪೆಯ ಮೇಲೆ ಎಲ್ಲರೂ ಕುಳಿತು, ನೀಲಿ ಟೀವಿಯನ್ನು ಐದು ನಿಮಿಷ ನೋಡಿದರು. ನೀಲಿಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

— ಏಮ್ಮಾ ಭಾರತೀ, ಎಲ್ಲಿ ನಿನ್ನ ರಸಮೇವು?

— ಬರುತ್ತೆ ಅಕ್ಕ. ಸ್ವಲ್ಪ ಕೂತ್ಕೊಳಿ.

— ಐದೂವರೆಗೆ ಹಾಲು ಕರೀಬೇಕು. ಎಲ್ರ ಮನೇಲೂ ಹಸು ಕಾಯ್ತಾ ಇರುತ್ತೆ.

ಮತ್ತೆ ಐದು ನಿಮಿಷವಾಯಿತು. ಹಿಂದಿನ ಸಾಲಿನಲ್ಲಿ ಮಾತು ಬೇರೆ ಕಡೆ ಹೊರಳಿತು, ಯಾರದೋ ಕರುವಿನ ಭೇದಿಯ ವಿಚಾರ. ಆದಿಲಕ್ಷ್ಮಮ್ಮ ಮೊಣಕಾಲು ಹಿಡಿದು ಎದ್ದು ನಿಲ್ಲುವ ಸನ್ನಾಹ ಮಾಡಿದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು.

— ಪೋನೀ ಬಿಡಮ್ಮ, ಬೇಜಾರು ಮಾಡ್ಕೋಬೇಡ. ಇದು ನಮ್ಮಂಥೋರಿಗೆ ಬರೋ ವಿದ್ಯೆ ಅಲ್ಲ. ಕಾರ್ಯದರ್ಶಿ ಕೆಲಸಕ್ಕೆ ಹೊರಗಿನೋರನ್ನೇ ಕರೆಸೋಣ.

ಬಾಗಿಲ ಪಕ್ಕದಲ್ಲಿ ಮಣೆಯ ಮೇಲೆ ಕುಳಿತಿದ್ದ ಕೋದಂಡರಾಮಪ್ಪನವರಿಗೆ ಆ ಮಾತು ಕೇಳಿ ಸಂತೋಷವಾಗಬೇಕಿತ್ತು. ಪಂದ್ಯ ಗೆದ್ದಂತೆಯೇ ಆಗಿತ್ತು. ಅವರು ಹೆಂಡತಿಯ ಕಡೆ ನೋಡಿದರು. ಭಾರತಮ್ಮ ಮೇಜಿನ ಪಕ್ಕ ನಿಂತು, ಕೈ ಕಟ್ಟಿಕೊಂಡು, ಲ್ಯಾಪ್‌ಟಾಪನ್ನೂ ನೋಡದೆ ಟೀವಿಯನ್ನೂ ನೋಡದೆ ಗಂಡನನ್ನೇ ನೋಡುತ್ತಿದ್ದರು. ಆ ನೋಟವನ್ನು ಎದುರಿಸಲಾಗದೆ ಕೋದಂಡರಾಮಪ್ಪನವರು ಕಣ್ಣು ತಗ್ಗಿಸಿದರು. ತಗ್ಗಿಸಿದ ಕಣ್ಣಿಗೆ ಸರಿಯಾಗಿ ಎದುರಿಗೆ ಸಿಕ್ಕಿದ್ದು ಲ್ಯಾಪ್‌ಟಾಪಿನ ಮುಂದಿನ ಅಂಚು. ಅಲ್ಲಿ ಕಡಲೆಕಾಳಿನಷ್ಟು ದಪ್ಪದ, ಆರಿಹೋದ ಒಂದು ದೀಪ.

ಏನೇನು ಆಫ್ ಇರಬೇಕೋ ಎಲ್ಲಾ ಆಫ್ ಎಂದು ಮಗಳಿಗೆ ಎದೆ ತಟ್ಟಿ ಹೇಳಿದ್ದು ನೆನಪಾಯಿತು. ಆರಿಸಿದ್ದು ನಾನು.

ಸುಮ್ಮನೆ ಕುಳಿತರೆ ಸಾಕಿತ್ತು. ಇನ್ನೆರಡು ನಿಮಿಷದಲ್ಲಿ ಎಲ್ಲರೂ ಎದ್ದು ಹೋಗುತ್ತಿದ್ದರು. ನಾಳೆ ಬೆಳಿಗ್ಗೆ ಪೇಟ, ಶಾಲು, ಹಾರದ ಸಮೇತ ಅವರು ನಡುಮನೆಗೆ ವಾಪಸಾಗುತ್ತಿದ್ದರು. ಸ್ವಿಚ್ಚು ಸರಿಸಿದರೆ? ಗೌರಿಯ ಕೆಚ್ಚಲು, ಡೈರಿಯ ಸಾಲು, ಲೈನ್‌ಮನ್ ಸಾಹೇಬರು ಹಾಲು ತಂದಿದ್ದಾರೆ ಎಂದು ನಗುವ ಇದೇ ಹದಿನಾಲ್ಕು ಜನ. ಅದೂ ಒಂದು ತಿಂಗಳು, ದಿನಕ್ಕೆ ಎರಡು ಹೊತ್ತು.

ಆದರೆ ಹತ್ತು ದಿನ ಬೆಳಿಗ್ಗೆ ಆರೂಕಾಲಿನ ಬಸ್ಸು ಹಿಡಿಯಲು ಈ ಹೆಂಗಸು ಓಡಿದ್ದನ್ನು ಅವರು ಜಗಲಿಯಲ್ಲಿ ಕುಳಿತು ನೋಡಿದ್ದರು. ಗಾಳಿ ಮಳೆಯಲ್ಲಿ ಲೈನ್ ಬಿದ್ದಾಗಲೆಲ್ಲ ಗಂಡ ಮನೆಗೆ ಬರುವವರೆಗೂ ಊಟ ಮಾಡದೆ ಕುಳಿತಿದ್ದವಳು ಇವಳೇ. ಇಂಥವಳಿಗೆ ಇದು ನಿನಗೆ ಬರುವ ವಿದ್ಯೆಯಲ್ಲ ಎಂದು ಊರಿನವರು ಹೇಳುವುದನ್ನು ಕೇಳಿಕೊಂಡು, ತಾನು ಮಾಡಿದ ತಪ್ಪಿನ ಮೇಲೆ ತನ್ನ ಫೋಟೋ ತೂಗುಹಾಕಿಕೊಳ್ಳುವುದೇ? ನಾಚಿಕೆಯಾಯಿತು ಅವರಿಗೆ, ನಿಜವಾಗಿಯೂ ನಾಚಿಕೆಯಾಯಿತು.

ಎದ್ದರು. ಹೆಗಲ ಮೇಲಿನ ಟವೆಲ್ ತೆಗೆದುಕೊಂಡು ಮೇಜಿನ ಹತ್ತಿರ ಹೋದರು.

— ಧೂಳು ಕೂತಿದೆ ಕಣೇ ಇದರ ಮೇಲೆ. ಒರೆಸೋದು ಬೇಡ್ವಾ?

ಲ್ಯಾಪ್‌ಟಾಪಿನ ಮೇಲೆ ಒರೆಸಿದರು, ಪಕ್ಕದಲ್ಲಿ ಒರೆಸಿದರು, ಮುಂದಿನ ಅಂಚಿಗೆ ಬಂದಾಗ ಟವೆಲಿನ ಮರೆಯಲ್ಲಿ ಹೆಬ್ಬೆರಳನ್ನು ಮೆಲ್ಲಗೆ ಸರಿಸಿದರು. ನೀಲಿ ದೀಪ ಹೊತ್ತಿಕೊಂಡಿತು. ಕಳ್ಳನ ಹಾಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

— ಅಕ್ಕ, ಒಂದೇ ನಿಮಿಷ ಕೂತ್ಕೊಳಿ. ಇನ್ನೊಂದ್ಸಲ ನೋಡ್ತೀನಿ, ಎಂದರು ಭಾರತಮ್ಮ. ಚೀಟಿಯಲ್ಲಿದ್ದಂತೆ ಒತ್ತಿದರು.

ಟೀವಿಯ ನೀಲಿ ಒಮ್ಮೆ ಕಪ್ಪಾಯಿತು. ನಡುವೆ ಒಂದು ಚಕ್ರ ಸುತ್ತಿತು. ಆಮೇಲೆ ಗೋಡೆಯ ತುಂಬ ಬೆಳಕು ಬಂತು. ಆ ಬೆಳಕಿನಲ್ಲಿ, ನಲವತ್ತಮೂರು ಇಂಚಿನ ಅಗಲದಲ್ಲಿ, ಮೈಸೂರು ಪೇಟ ತೊಟ್ಟು, ಶಾಲು ಹೊದ್ದು, ಗಂಧದ ಹಾರ ಹಾಕಿಕೊಂಡು ಕೋದಂಡರಾಮಪ್ಪನವರು ಕುಳಿತಿದ್ದರು. ಅದೇ ಗೋಡೆ, ಅದೇ ಜಾಗ.

ಹಿಂದಿನ ಸಾಲಿನಲ್ಲಿದ್ದ ಕದಿರಮ್ಮನಿಗೆ ಕಣ್ಣು ಸ್ವಲ್ಪ ಮಂಜು. ಆಕೆ ಎರಡೂ ಕೈ ಜೋಡಿಸಿ ಟೀವಿಗೆ ಮುಗಿದು ಪಕ್ಕದವರನ್ನು ಕೇಳಿದರು.

— ಪಾಪ, ಯಾವಾಗ ಹೋದ್ರು?

— ಅಂತೇನಾ? ಇಷ್ಟೇನಾ ಭಾರತೀ? ಎಂದರು ಆದಿಲಕ್ಷ್ಮಮ್ಮ. ಇವರನ್ನ ನೋಡೋಕೆ ಟೀವಿ ಯಾಕಮ್ಮ, ಟವೆಲ್ ಹಾಕ್ಕೊಂಡು ಇಲ್ಲೇ ನಿಂತವ್ರಲ್ಲ.

ಭಾರತಮ್ಮ ನಕ್ಕು, ಇದು ಲ್ಯಾಪ್‌ಟಾಪಿನ ಹಿಂದಿನ ಪರದೆ, ತೆರೆದಾಗ ಮೊದಲು ಕಾಣುವುದು ಇದೇ, ಇದರ ಮೇಲಿರುವುದು ಇನ್ನೂ ಬರಬೇಕು ಎಂದು ವಿವರಿಸಿದರು. ಫೋಟೋ ಓಣಿಗೆ ಹೋದ ದಿನವೇ ಅದನ್ನು ಅಲ್ಲಿ ಹಾಕಿಕೊಂಡಿದ್ದೆ ಎಂದು ಗಂಡನ ಕಡೆ ನೋಡದೆಯೇ ಸೇರಿಸಿದರು. ಎರಡು ಕಡೆಯೂ ಒಂದೇ ಚಿತ್ರ ಎಂಬ ಜಾಗದಲ್ಲಿ ಒತ್ತಿದರು. ಪೇಟದ ಮೇಲೆ ಜೋಳದ ಹೊಲ ಬಂದು ನಿಂತಿತು. ಎರಡು ತಿಂಗಳಿನಿಂದ ಆ ಲ್ಯಾಪ್‌ಟಾಪಿನ ಮುಚ್ಚಳವನ್ನಲ್ಲದೆ ಒಳಗನ್ನು ಸರಿಯಾಗಿ ನೋಡಿರದ ಕೋದಂಡರಾಮಪ್ಪನವರು, ಕಣ್ಣಿಗೆ ಏನೋ ಬಿತ್ತೆಂದು ಟವೆಲಿನಿಂದ ಒರೆಸಿಕೊಂಡರು.

ಇಪ್ಪತ್ತೆರಡು ಚಿತ್ರಗಳೂ ಒಂದೊಂದಾಗಿ ಬಂದವು. ಕಡ್ಡಿ ಎಷ್ಟುದ್ದ ಕೊಚ್ಚಬೇಕು, ಬೆಲ್ಲದ ನೀರು ಎಷ್ಟು ಚಿಮುಕಿಸಬೇಕು, ಚೀಲವನ್ನು ತುಳಿದು ಗಾಳಿ ಹೇಗೆ ಹೊರಗೆ ಹಾಕಬೇಕು ಎಂದು ಭಾರತಮ್ಮ ಹೇಳುತ್ತ ಹೋದರು. ಗಾಳಿ ಉಳಿದರೆ ಮೇವು ಕೆಡುತ್ತದೆ ಎಂದಾಗ ಕೋದಂಡರಾಮಪ್ಪನವರು, ಗಾಳಿಯಿಂದ ಇಷ್ಟೆಲ್ಲ ಕೆಲಸ ಮಾಡಿಸಿಕೊಂಡು ಈಗ ಅದನ್ನೇ ಹೊರಗೆ ಹಾಕುತ್ತೀಯಲ್ಲ ಎನ್ನಬೇಕೆಂದಿದ್ದರು. ಸಂದರ್ಭ ನೋಡಿ ನುಂಗಿಕೊಂಡರು. ಐದಕ್ಕೆ ಹತ್ತು ನಿಮಿಷವಿದ್ದಾಗ ಆದಿಲಕ್ಷ್ಮಮ್ಮ ಎದ್ದು, ತಮಗೇ ಅರ್ಥವಾಯಿತೆಂದಮೇಲೆ ಇನ್ನು ಯಾರಿಗೂ ಅರ್ಥವಾಗದೆ ಇರಲು ಸಾಧ್ಯವಿಲ್ಲವೆಂದೂ, ನಾಳೆಯಿಂದ ಭಾರತಮ್ಮನೇ ಕಾರ್ಯದರ್ಶಿಯೆಂದೂ ಹೇಳಿದರು. ಹದಿಮೂರು ಜನ ಚಪ್ಪಾಳೆ ತಟ್ಟಿದರು. ಹದಿನಾಲ್ಕನೆಯವರಾದ ಕದಿರಮ್ಮ ಕೋದಂಡರಾಮಪ್ಪನವರನ್ನು ಮುಟ್ಟಿ ನೋಡಿ, ಸಮಾಧಾನ ಮಾಡಿಕೊಂಡು ಹೊರಟರು.

ಐದೂವರೆಗೆ ಹಿತ್ತಲಿನಲ್ಲಿ ಗೌರಿಯ ಪಕ್ಕ ಕೋದಂಡರಾಮಪ್ಪನವರು ಕುಕ್ಕುರುಗಾಲಿನಲ್ಲಿ ಕುಳಿತಿದ್ದರು. ಮೊಣಕಾಲುಗಳ ನಡುವೆ ಬಕೆಟ್ಟು, ಹೆಗಲ ಮೇಲೆ ಅದೇ ಟವೆಲ್. ಗೌರಿ ಹಿಂದೆ ತಿರುಗಿ ಅವರನ್ನೊಮ್ಮೆ ನೋಡಿ, ಬಾಲದಿಂದ ಕೆನ್ನೆಗೆ ಒಂದು ಕೊಟ್ಟಿತು. ಭಾರತಮ್ಮ ಹಸುವಿನ ಬೆನ್ನು ಸವರುತ್ತ ನಿಂತಿದ್ದರು. ಪಂದ್ಯಕ್ಕೆ ಸಾಕ್ಷಿಯಾಗಿ ಉಳಿದಿದ್ದ ಓಬೇದುಲ್ಲಾ ಜಗಲಿಯಲ್ಲಿ ಕುಳಿತು ಎರಡನೆಯ ಚಹಾ ಕುಡಿಯುತ್ತಿದ್ದರು.

ಕೋದಂಡರಾಮಪ್ಪನವರಿಗೆ ಹಾಲು ಬರಲಿಲ್ಲ, ಮಾತು ಬಂತು.

— ಒಂದು ವಿಷಯ ಹೇಳ್ಬೇಕು ಕಣೇ. ಲ್ಯಾಪ್‌ಟಾಪ್ ಮುಂದೆ ಒಂದು ಸ್ವಿಚ್ ಇದೆಯಲ್ಲ, ಮಧ್ಯಾಹ್ನ ಅದನ್ನ ಆರಿಸಿದ್ದು ನಾನೇ.

— ಗೊತ್ತು.

— ಆಮೇಲೆ ಹಾಕಿದ್ದೂ ನಾನೇ. ಧೂಳು ಒರೆಸೋ ನೆಪದಲ್ಲಿ.

— ಅದೂ ಗೊತ್ತು.

ಕೋದಂಡರಾಮಪ್ಪನವರು ಕುಳಿತಲ್ಲೇ ಕತ್ತೆತ್ತಿದರು.

— ಯಾವಾಗಿಂದ ಗೊತ್ತು?

— ಮೂರೂಕಾಲಿಂದ. ಅದು ವೈಫೈ ಸ್ವಿಚ್ಚು, ಆಫ್ ಆಗಿದೆ ಅಂತ ಓಬೇದಣ್ಣ ನೋಡಿ ಹೇಳಿದ್ರು.

ಮೂರೂಕಾಲಿನಿಂದ ನಾಲ್ಕೂ ಹತ್ತರವರೆಗೆ. ಹೆಚ್ಚುಕಮ್ಮಿ ಒಂದು ಗಂಟೆ. ಹದಿನಾಲ್ಕು ಜನ ಬಂದು ಕುಳಿತರೂ, ಆದಿಲಕ್ಷ್ಮಮ್ಮ ಏಳಲು ಹೊರಟರೂ, ಈ ಹೆಂಗಸು ಕೈ ಕಟ್ಟಿಕೊಂಡು ನಿಂತಿದ್ದಳು. ಎದೆಗಾರಿಕೆ ಎಂದರೆ ಕಂಬ ಹತ್ತುವುದು ಎಂದೇ ಅವರು ತಿಳಿದಿದ್ದರು.

— ಗೊತ್ತಿದ್ದೂ ನೀನೇ ಯಾಕೆ ಹಾಕ್ಲಿಲ್ಲ? ಎಲ್ಲಾ ಕೈ ತಪ್ಪಿ ಹೋಗಿದ್ರೆ?

— ನೀವೇ ತಾನೇ ಹೇಳಿಕೊಟ್ಟಿದ್ದು? ಎಲ್‌ಸಿ ತಗೊಂಡೋರೇ ವಾಪಸ್ ಕೊಡ್ಬೇಕು, ಮಧ್ಯೆ ಇನ್ನೊಬ್ರು ಕೈ ಹಾಕಬಾರ್ದು ಅಂತ. ಮೂವತ್ತೆರಡು ವರ್ಷದಲ್ಲಿ ಒಂದ್ಸಲನಾದ್ರೂ ತಪ್ಪಿದ್ದೀನಾ?

ಕೋದಂಡರಾಮಪ್ಪನವರು ಖಾಲಿ ಬಕೆಟ್ಟನ್ನೂ ಹೆಂಡತಿಯ ಮುಖವನ್ನೂ ಒಂದಾದ ಮೇಲೊಂದು ನೋಡುತ್ತ ಹಾಗೆಯೇ ಕುಳಿತುಬಿಟ್ಟರು.

— ಸುಮ್ನೆ ನೋಡ್ತಾ ಕೂತ್ರೆ ಬರಲ್ಲ ರೀ, ಎಂದರು ಭಾರತಮ್ಮ. ಕೈ ಹಾಕಿ ಎಳೀರಿ. ಗೌರಿಗೆ ವೈರ್‌ಲೆಸ್ ಇಲ್ಲ.